ಸದ್ದಿಲ್ಲದೆ ಕುಸಿಯುವ ಬೆನ್ನೆಲುಬು: ಮಂಡಿಕಲ್ ಹೋಬಳಿಯ ಉಪಾಧ್ಯಾಯರಿಗೂ ಆಶಾ, ಅಂಗನವಾಡಿ ಸೋದರಿಯರಿಗೂ ಒಂದು ಬಹಿರಂಗ ಪತ್ರ



ಚಿಕ್ಕಬಳ್ಳಾಪುರ ಜಿಲ್ಲೆಯ ಮಂಡಿಕಲ್ ಹೋಬಳಿಯ ಶಾಲೆಗಳಲ್ಲಿ ಪಾಠ ಹೇಳುವ ಉಪಾಧ್ಯಾಯರೂ, ಬೆಳಗಾಗುತ್ತಲೇ ಅಂಗನವಾಡಿಯ ಬೀಗ ತೆರೆಯುವ ಶಿಕ್ಷಕಿಯರೂ, ಬಾಣಂತಿಯ ಮನೆಯಿಂದ ಹಾಸಿಗೆ ಹಿಡಿದವರ ಮನೆಗೆ ಬಿಸಿಲೆನ್ನದೆ ನಡೆಯುವ ಆಶಾ ಕಾರ್ಯಕರ್ತೆಯರೂ ಆದ ನಿಮ್ಮೆಲ್ಲರಿಗೂ, ಇದೇ ಸೀಮೆಯಲ್ಲಿ ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದು ಈಗ ಜಗಲಿಯ ಕಂಬಕ್ಕೆ ಒರಗಿ ಕುಳಿತಿರುವ ಒಬ್ಬ ನಿವೃತ್ತ ಮೇಷ್ಟರ ನಮಸ್ಕಾರಗಳು. ನೀವು ದಿನವೂ ತುಂಬಬೇಕಾದ ವಹಿಗಳೆಷ್ಟು, ಉತ್ತರ ಹೇಳಬೇಕಾದ ಮೇಲಧಿಕಾರಿಗಳೆಷ್ಟು ಎಂಬುದನ್ನು ಅರಿಯದವನಲ್ಲ; ಅರಿತೂ ಇನ್ನೊಂದು ಕೆಲಸವನ್ನು ನಿಮ್ಮ ಹೆಗಲಿಗೇರಿಸಲು ಬಂದಿದ್ದೇನೆ. ಸಾವಿರಾರು ಗಂಡುಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಬರತಕ್ಕ ವ್ಯಾಧಿಯೊಂದರ ವಿಷಯ ಇದಾದುದರಿಂದ, ನಿಮ್ಮಲ್ಲಿ ಅನೇಕರು ಸೇವಾವಧಿಯಲ್ಲಿ ಅಂತಹ ಒಂದು ಮಗುವನ್ನೂ ಕಾಣದೆ ಇರಬಹುದು. ಆದರೆ ಕಂಡವರು ಕಂಡದ್ದನ್ನು ಗುರುತಿಸದೆ ಹೋದರೆ ಏನಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ.

ಉದ್ಯೋಗಕ್ಕೆ ಸೇರಿದ ಮೊದಲ ವರ್ಷಗಳ ಮಾತು. ಐದನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪ್ರಾರ್ಥನೆಯ ಸಾಲಿಗೆ ಅವನು ಬರುತ್ತಿದ್ದುದು ಎಲ್ಲರಿಗಿಂತ ಕೊನೆಗೆ. ನಡೆಯುವಾಗ ಹೊಟ್ಟೆಯನ್ನು ಮುಂದಕ್ಕೆ ನೂಕಿ, ತುದಿಗಾಲಿನ ಮೇಲೆ, ಬಾತುಕೋಳಿಯಂತೆ ಅತ್ತಿತ್ತ ವಾಲುತ್ತಿದ್ದ. ಮೀನಖಂಡಗಳು ಮಾತ್ರ ಗರಡಿಯ ಆಳಿನವುಗಳಂತೆ ಪುಷ್ಟವಾಗಿದ್ದುದರಿಂದ, ಇಂತಹ ಕಾಲುಗಳಿರುವವನು ಓಡಲಾರೆನೆಂದರೆ ಅದು ಶುದ್ಧ ಸೋಮಾರಿತನವೆಂದು ನಾನು ನಿಶ್ಚಯಿಸಿಬಿಟ್ಟಿದ್ದೆ. ಒಂದು ದಿನ, ತಡವಾಗಿ ಬಂದುದಕ್ಕೆ ಶಿಕ್ಷೆಯೆಂದು ನೆಲದ ಮೇಲೆ ಕೂಡಿಸಿ ಏಳಿಸಿ ಮಾಡಿದಾಗ, ಅವನು ಮೊದಲು ನಾಲ್ಕು ಕಾಲಿನ ಪ್ರಾಣಿಯ ಹಾಗೆ ಅಂಗೈಗಳನ್ನು ನೆಲಕ್ಕೂರಿ, ಆಮೇಲೆ ಒಂದು ಕೈಯನ್ನು ಮಂಡಿಯ ಮೇಲಿಟ್ಟು, ಇನ್ನೊಂದನ್ನು ತೊಡೆಯ ಮೇಲಿಟ್ಟು, ತನ್ನ ಮೈಯನ್ನು ತಾನೇ ಏಣಿಯಾಗಿ ಹತ್ತುವವನಂತೆ ಎದ್ದು ನಿಂತ. ತರಗತಿ ನಕ್ಕಿತು. ಅವನು ನನ್ನನ್ನು ಅಣಕಿಸುತ್ತಿದ್ದಾನೆಂದು ತಿಳಿದು ನಾನು ಬೆತ್ತ ತೆಗೆದುಕೊಂಡೆ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ.

ಅಂದು ನಾನು ಕಂಡದ್ದನ್ನು ವಿಲಿಯಂ ಗೋವರ್ಸ್ ಎಂಬ ಆಂಗ್ಲ ವೈದ್ಯನು 1879ರಲ್ಲಿಯೇ ವರ್ಣಿಸಿದ್ದನು. ವೈದ್ಯರು ಅದನ್ನು ಇಂದಿಗೂ ಗೋವರ್ಸ್ ಚಿಹ್ನೆ ಎಂದೇ ಕರೆಯುತ್ತಾರೆ. ವ್ಯಾಧಿಯ ಹೆಸರು ಅದಕ್ಕೂ ಹಿಂದಿನ ಫ್ರೆಂಚ್ ವೈದ್ಯ ಡುಶೆನ್‌ನದು: ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ, ನಮ್ಮ ಮಾತಿನಲ್ಲಿ ಸ್ನಾಯುಕ್ಷಯ. ಡಿಸ್ಟ್ರೋಫಿನ್ ಎಂಬ ಸಸಾರಜನಕವು ಸ್ನಾಯುವಿನ ಎಳೆಗಳಿಗೆ ಕವಚದಂತಿರತಕ್ಕದ್ದು. ಅದನ್ನು ನಿರ್ಮಿಸುವ ವಂಶವಾಹಿ ಕೆಟ್ಟಿರುವ ಮಗುವಿನಲ್ಲಿ, ಪ್ರತಿಯೊಂದು ಹೆಜ್ಜೆಗೂ ಸ್ನಾಯು ಸ್ವಲ್ಪ ಹರಿದು, ಹರಿದಲ್ಲಿ ಕೊಬ್ಬೂ ನಾರೂ ತುಂಬುತ್ತವೆ. ಮೀನಖಂಡದ ಆ ಪುಷ್ಟಿ ಶಕ್ತಿಯ ಲಕ್ಷಣವಲ್ಲವೆಂದು ನಾನು ತಿಳಿಯುವ ಹೊತ್ತಿಗೆ ನಿವೃತ್ತಿಯೇ ಸಮೀಪಿಸಿತ್ತು. ಮಂಡಿಕಲ್ ಎಂಬ ಹೆಸರಿಗೆ ನಾನು ಹೊಸ ವ್ಯುತ್ಪತ್ತಿ ಹಚ್ಚಹೊರಟಿಲ್ಲ. ಆದರೂ ಬಸ್ಸಿನ ಹಣೆಯ ಮೇಲೆ ಆ ಹೆಸರನ್ನು ಓದಿದಾಗಲೆಲ್ಲ ಮಂಡಿಯ ಮೇಲೆ ಕೈಯೂರಿ ಏಳುತ್ತಿದ್ದ ಆ ಹುಡುಗನ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ.

ನನ್ನ ತಂಗಿಯ ಮಗಳ ಮಗನಿಗೂ ಇದೇ ವ್ಯಾಧಿಯೆಂದು ಬೆಂಗಳೂರಿನಲ್ಲಿ ತಿಳಿದಾಗ, ಹಳ್ಳಿಯ ಹಿರಿಯರು ಒಕ್ಕೊರಲಿನಿಂದ ಹೇಳಿದ ಕಾರಣ ಸೋದರ ಸಂಬಂಧ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯಿಂದ ಅನೇಕ ವಂಶಪಾರಂಪರಿಕ ರೋಗಗಳು ತಲೆಯೆತ್ತುವುದು ನಿಜವೇ. ಆದರೆ ಡುಶೆನ್ ರೋಗದ ಮೇಲೆ ಆ ಆರೋಪ ನಿಲ್ಲುವುದಿಲ್ಲ. ಇದರ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ತಾಯಿ ಅದನ್ನು ತನಗರಿಯದೆ ಹೊತ್ತಿದ್ದರೆ, ಅವಳು ಯಾರನ್ನು ಮದುವೆಯಾದರೂ, ಹುಟ್ಟುವ ಪ್ರತಿಯೊಂದು ಗಂಡುಮಗುವಿಗೂ ರೋಗದ ಸಂಭವ ಅರ್ಧಕ್ಕರ್ಧ. ಸುಮಾರು ಮೂರನೆಯ ಒಂದು ಪಾಲು ಮಕ್ಕಳಲ್ಲಿಯಾದರೋ ದೋಷ ಹೊಸದಾಗಿಯೇ ಉಂಟಾಗಿರುತ್ತದೆ. ಈ ವಿವೇಚನೆ ನಿಮಗೆ ಏಕೆ ಬೇಕೆಂದರೆ, ಅಪವಾದದ ಭಯದಿಂದ ಮಗುವನ್ನು ಒಳಮನೆಯಲ್ಲಿ ಬಚ್ಚಿಡುವ ತಾಯಿಯ ಮನೆಗೆ ಹೋಗತಕ್ಕವರು ನೀವೇ. ಬಚ್ಚಿಟ್ಟ ಮಗುವಿಗೆ ಬಿಸಿಲಿಲ್ಲ, ಬಿಸಿಲಿಲ್ಲದ ಎಲುಬಿಗೆ ಬಲವಿಲ್ಲ.

ಎಲುಬು! ಸ್ನಾಯುವಿನ ರೋಗದ ವಿಷಯ ಹೇಳುತ್ತಿದ್ದವನು ಎಲುಬಿಗೆ ಹಾರಿದನಲ್ಲ ಎಂದು ನೀವು ಆಶ್ಚರ್ಯಪಡಬಹುದು. ನಾವೂ ಹಾಗೆಯೇ ಆಶ್ಚರ್ಯಪಟ್ಟೆವು. ಈ ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಯಾರ ಕೈಗೂ ಎಟುಕಿಲ್ಲವಾದ್ದರಿಂದ, ಮಗುವಿನ ನಡಿಗೆಯನ್ನು ಎರಡು ಮೂರು ವರ್ಷ ಹೆಚ್ಚಿಗೆ ಉಳಿಸಿಕೊಡುವುದೂ, ಉಸಿರಿನ ಬಲವನ್ನು ಕಾಪಾಡುವುದೂ ಸ್ಟೀರಾಯ್ಡ್ ಮಾತ್ರೆಗಳು: ಪ್ರೆಡ್ನಿಸೊಲೋನ್ ಅಥವಾ ಡಿಫ್ಲಾಜಕಾರ್ಟ್. ಈ ಔಷಧಕುಲದ ಚರಿತ್ರೆಯೇ ವಿಚಿತ್ರ. ದೇಹವು ತಾನೇ ಇಂತಹ ರಸವನ್ನು ಮಿತಿಮೀರಿ ಸ್ರವಿಸಿದರೆ ಬೆನ್ನು ಬಾಗಿ ಎಲುಬು ಟೊಳ್ಳಾಗುವುದನ್ನು ಹಾರ್ವೆ ಕುಶಿಂಗ್ ಎಂಬ ಅಮೆರಿಕದ ಶಸ್ತ್ರವೈದ್ಯನು 1932ರಲ್ಲಿಯೇ ಬರೆದಿಟ್ಟಿದ್ದನು. ಹದಿನಾರು ವರ್ಷಗಳ ತರುವಾಯ, 1948ರಲ್ಲಿ, ಅದೇ ಕುಲದ ಕಾರ್ಟಿಸೋನನ್ನು ಫಿಲಿಪ್ ಹೆಂಚ್ ಕೀಲುರೋಗಿಯೊಬ್ಬಳಿಗೆ ಕೊಟ್ಟಾಗ ಹಾಸಿಗೆ ಹಿಡಿದವಳು ಎದ್ದು ನಡೆದಳು, ಜಗತ್ತು ಬೆರಗಾಯಿತು, 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ದೋಷ ಮೊದಲು ಕಂಡು ಗುಣ ಆಮೇಲೆ ಕಂಡ ಔಷಧ ಇದು. ಡುಶೆನ್ ಮಕ್ಕಳಿಗೆ ಇದರಿಂದ ನಿಜವಾಗಿಯೂ ಪ್ರಯೋಜನವುಂಟೆಂದು 1989ರಲ್ಲಿ ಕ್ರಮಬದ್ಧವಾದ ಪರೀಕ್ಷೆಯಿಂದ ಸ್ಥಿರಪಟ್ಟಿತು.

ಹೀಗೆ, ಕಾಲನ್ನು ನಿಲ್ಲಿಸುವ ಮಾತ್ರೆಯೇ ಬೆನ್ನನ್ನು ಒಳಗಿನಿಂದ ತಿನ್ನುತ್ತ ಬರುತ್ತದೆ. ಎಲುಬು ಕಲ್ಲಿನಂತೆ ಜಡವಾದ ಪದಾರ್ಥವಲ್ಲ. ಒಂದು ಕಡೆ ಹಳೆಯದನ್ನು ಕೆಡವುವ ಕಣಗಳೂ ಇನ್ನೊಂದು ಕಡೆ ಹೊಸದನ್ನು ಕಟ್ಟುವ ಕಣಗಳೂ ಹಗಲಿರುಳು ದುಡಿಯುತ್ತಿರುವ ಕಟ್ಟಡ. ಸ್ಟೀರಾಯ್ಡು ಕಟ್ಟುವ ಆಳುಗಳನ್ನು ಕಡಿಮೆ ಮಾಡುತ್ತದೆ, ಕರುಳು ಸುಣ್ಣದಂಶವನ್ನು ಹೀರುವುದನ್ನು ತಗ್ಗಿಸುತ್ತದೆ, ಮೂತ್ರದಲ್ಲಿ ಅದು ಸೋರುವುದನ್ನು ಹೆಚ್ಚಿಸುತ್ತದೆ, ಯೌವನದ ಆಗಮನವನ್ನೂ ಹಿಂದಕ್ಕೆ ತಳ್ಳುತ್ತದೆ. ಅದರ ಮೇಲೆ, ಎಲುಬನ್ನು ಎಳೆದೆಳೆದು ಬಲಪಡಿಸಬೇಕಾದ ಸ್ನಾಯುವೇ ಈ ಮಕ್ಕಳಲ್ಲಿ ಕ್ಷೀಣ. ಮನುಷ್ಯನು ಆಯುಷ್ಯವಿಡೀ ಖರ್ಚು ಮಾಡಬೇಕಾದ ಎಲುಬಿನ ಸಂಪತ್ತಿನ ಹೆಚ್ಚು ಕಡಿಮೆ ಅರ್ಧ ಪಾಲು ಶೇಖರವಾಗುವುದು ಹರೆಯದ ಆ ಕೆಲವೇ ವರ್ಷಗಳಲ್ಲಿ. ಸುಗ್ಗಿಯ ಕಾಲಕ್ಕೆ ಸರಿಯಾಗಿ ಬರ ಬಂದಂತೆ, ತುಂಬಬೇಕಾದ ಕಣಜ ಇವರಲ್ಲಿ ಆ ವಯಸ್ಸಿನಲ್ಲಿಯೇ ಬರಿದಾಗತೊಡಗುತ್ತದೆ.

ಮೊದಲು ಕುಸಿಯುವುದು ಬೆನ್ನುಹುರಿಯನ್ನು ಕಾಯುವ ಮಣಿಗಳು; ಅವು ಒಳಗೆ ಜೇನುಹುಟ್ಟಿನಂತಿರುವ ಮೃದುವಾದ ಎಲುಬುಗಳು. ಕೈಯೋ ಕಾಲೋ ಮುರಿದರೆ ಮಗು ಚೀರುತ್ತದೆ, ಮನೆ ಓಡಿಬರುತ್ತದೆ. ಬೆನ್ನುಮಣಿ ಮುರಿಯುವ ಬಗೆ ಬೇರೆ: ಬಿದ್ದಿಲ್ಲ, ಪೆಟ್ಟಾಗಿಲ್ಲ, ಮಳೆಗೆ ನೆನೆದ ಮಣ್ಣಿನ ಗೋಡೆಯಂತೆ ತನ್ನ ಭಾರಕ್ಕೆ ತಾನೇ ಕುಳಿತುಬಿಡುತ್ತದೆ, ಎಷ್ಟೋ ಸಲ ನೋವೂ ಇರುವುದಿಲ್ಲ. ನಮ್ಮ ಮನೆಯ ಹುಡುಗನಿಗೆ, ಎಂದರೆ ತಂಗಿಯ ಆ ಮೊಮ್ಮಗನಿಗೆ, ಆರನೆಯ ವಯಸ್ಸಿನಿಂದ ಮಾತ್ರೆ ನಡೆದಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ, ಸಾಯಂಕಾಲವಾದರೆ ಬೆನ್ನು ನೋಯುತ್ತದೆಂದು ಹೇಳತೊಡಗಿದ. ಕುರ್ಚಿಯಲ್ಲಿ ಕುಳಿತು ಕುಳಿತು ಹಾಗಾಗಿರಬೇಕೆಂದು ಅವನಜ್ಜಿ ಮುಲಾಮು ತಿಕ್ಕಿದಳು. ಓದುವ ಸೋಮಾರಿತನಕ್ಕೆ ನೆಪ ಹೂಡುತ್ತಿದ್ದಾನೆಂದು ನಾನೇ ಅಂದೆ. ಹೌದು, ಅದೇ ಸೋಮಾರಿತನದ ಮಾತು, ಅದೇ ಬಾಯಿಯಿಂದ, ಎರಡನೆಯ ಸಲ. ಮೂರು ತಿಂಗಳ ಅನಂತರ ಕೆಮ್ಮಿಗೆಂದು ತೆಗೆಸಿದ ಎದೆಯ ಚಿತ್ರದಲ್ಲಿ ಎರಡು ಮಣಿಗಳು ಬೆಣೆಯಂತೆ ಚಪ್ಪಟೆಯಾಗಿದ್ದುದು ಕಂಡಿತು. ಆ ಮೂರು ತಿಂಗಳು ಯಾವ ವೈದ್ಯರ ತಪ್ಪೂ ಅಲ್ಲ. ನಾವು ಅವರಿಗೆ ಹೇಳಿಯೇ ಇರಲಿಲ್ಲ.

ಆದಕಾರಣ ನಿಮ್ಮಲ್ಲಿ ನನ್ನ ಮೊದಲನೆಯ ಪ್ರಾರ್ಥನೆ ಇದು. ನಿಮ್ಮ ವ್ಯಾಪ್ತಿಯಲ್ಲಿ ದೀರ್ಘಕಾಲ ಸ್ಟೀರಾಯ್ಡ್ ನುಂಗುತ್ತಿರುವ ಮಗುವಿದ್ದು, ಅದು ಬೆನ್ನುನೋವೆಂದು ಒಂದು ಸಲ ಅಂದರೂ, ಆ ಮಾತನ್ನು ಎಲುಬು ಮುರಿದ ಮಾತಾಗಿಯೇ ಕೇಳಿರಿ. ನೋವೆನ್ನದ ಮಗುವಿನ ಬೆನ್ನನ್ನೂ ಕಾಯಬೇಕಾಗಿರುವುದರಿಂದ, ಮಾತ್ರೆ ಪ್ರಾರಂಭವಾಗುವಾಗ ಒಂದು ಸಲವೂ ಆಮೇಲೆ ಒಂದೆರಡು ವರ್ಷಕ್ಕೊಮ್ಮೆಯೂ ಬೆನ್ನೆಲುಬಿನ ಪಾರ್ಶ್ವದ ಎಕ್ಸ್‌ರೇ ತೆಗೆಸತಕ್ಕದ್ದೆಂದೂ, ವರ್ಷಕ್ಕೊಮ್ಮೆ ರಕ್ತದಲ್ಲಿನ ಡಿ ಜೀವಸತ್ತ್ವವನ್ನು ಅಳೆಯತಕ್ಕದ್ದೆಂದೂ 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಚಿಕಿತ್ಸಾಸೂತ್ರಗಳು ಹೇಳುತ್ತವೆ. ಪಾರ್ಶ್ವದ ಎಕ್ಸ್‌ರೇ ಎಂಬುದು ಚಿಕ್ಕಬಳ್ಳಾಪುರದಲ್ಲಿಯೇ ಆಗತಕ್ಕ ಕೆಲಸ. ಅದಕ್ಕೆ ಯಾವ ಮಹಾಯಂತ್ರವೂ ಬೇಡ, ಕೇಳುವ ಬಾಯಿ ಬೇಕು. ಕೇಳುವುದನ್ನು ಮರೆಯುವ ತಾಯಿಗೆ ನೆನಪಿಸಬೇಕಾದವರು ನೀವು.

ಇಲ್ಲಿ ನಮ್ಮ ಸೀಮೆಯದೇ ಒಂದು ತೊಡಕಿದೆ. ನಂದಿಬೆಟ್ಟದ ಆಸುಪಾಸಿನಲ್ಲಿ ನದಿಗಳು ಹುಟ್ಟುತ್ತವೆಂದು ಪಾಠ ಹೇಳಿದವನು ನಾನೇ. ಆದರೆ ಹುಟ್ಟಿದ ಆ ನದಿಗಳಲ್ಲಿ ವರ್ಷವಿಡೀ ನೀರಿರುವುದನ್ನು ನನ್ನ ಶಿಷ್ಯರು ಕಂಡಿಲ್ಲ. ಬಾವಿ ಬತ್ತಿ ಬೋರು ಬಂತು, ಬೋರು ಸಾವಿರ ಅಡಿ ದಾಟಿತು, ಗ್ರಾನೈಟು ಶಿಲೆಯ ಬಿರುಕುಗಳಲ್ಲಿ ಬಹುಕಾಲ ತಂಗಿದ ನೀರು ಆ ಶಿಲೆಯೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬಂತು. ಲೀಟರಿಗೆ ಒಂದು ಮಿಲಿಗ್ರಾಂ ಎಂಬುದು ನಮ್ಮ ದೇಶದ ಮಾನಕ, ಬೇರೆ ಗತಿಯಿಲ್ಲದಿದ್ದರೆ ಒಂದೂವರೆ. ಜಿಲ್ಲೆಯ ಅನೇಕ ಬೋರುಗಳು ಈ ಎಲ್ಲೆಯನ್ನು ಮೀರಿವೆ. ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳಿಗೆ ನೀವೂ ನಾನೂ ಎಷ್ಟು ಒಗ್ಗಿಹೋಗಿದ್ದೇವೆಂದರೆ, ಹಾಜರಿ ಕರೆಯುವಾಗ ಅವು ಕಣ್ಣಿಗೆ ಬೀಳುವುದೇ ಇಲ್ಲ. ಫ್ಲೋರೈಡು ಮನುಷ್ಯನ ಎಲುಬನ್ನೂ ಕೆಡಿಸುವುದನ್ನು ಭಾರತದಲ್ಲಿ ಮೊದಲು ವರ್ಣಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ.

ಈ ನೀರಿನಿಂದ ನಮಗೆ ಎರಡು ಬಗೆಯ ಭ್ರಾಂತಿ. ಮೊದಲನೆಯದು, ಕಾಲು ಸೊಟ್ಟಗಾದ, ನಡಿಗೆ ಕೆಟ್ಟ ಮಗುವನ್ನೆಲ್ಲ ಬೋರ್ ನೀರಿನ ಬಾಬತ್ತಿಗೆ ಹಾಕಿಬಿಡುವುದು. ಕಣ್ಣಿಗೆ ಕಾಣುವ ಕಾರಣ ಹತ್ತಿರದಲ್ಲಿದ್ದರೆ ಕಾಣದ ಕಾರಣವನ್ನು ಯಾರೂ ಹುಡುಕುವುದಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನ ಕಥೆಯನ್ನು ನೆನೆಯಿರಿ. 1970ರ ದಶಕದ ಮಧ್ಯದಲ್ಲಿ ಆ ಊರಿನಲ್ಲಿಯೂ ಮಲೆನಾಡಿನ ಸುತ್ತಣ ಹಳ್ಳಿಗಳಲ್ಲಿಯೂ, ಮುಖ್ಯವಾಗಿ ದಲಿತ ಕುಟುಂಬಗಳಲ್ಲಿ, ಸೊಂಟದ ಕೀಲುಗಳು ಸವೆದು ನಡೆಯಲಾರದಾದವರು ಒಬ್ಬೊಬ್ಬರಾಗಿ ಕಂಡುಬಂದಾಗ, ಕೀಟನಾಶಕ ಬೆರೆತ ಗದ್ದೆಯ ಏಡಿಗಳನ್ನು ತಿಂದುದರಿಂದ ಹೀಗಾಯಿತೆಂಬ ಶಂಕೆ ಬಲವಾಗಿ ಹಬ್ಬಿತು. ಬಡವರ ತಟ್ಟೆಯ ಮೇಲೆ ಬಂದ ಆ ಅಪವಾದ ಬಹುಕಾಲ ಉಳಿಯಿತು. ಕ್ರಮವಾದ ಸಂಶೋಧನೆ ನಡೆದ ಮೇಲೆ ಅದು ಒಂದು ತಲೆಯಿಂದ ಇನ್ನೊಂದು ತಲೆಗೆ ಇಳಿದುಬರುವ, ಎಲುಬಿನ ಬೆಳವಣಿಗೆಗೇ ಸಂಬಂಧಪಟ್ಟ ಅಪೂರ್ವವಾದ ವಂಶವಾಹಿ ವ್ಯಾಧಿಯೆಂದು ಗೊತ್ತಾಯಿತು. ಅಲ್ಲಿ ಏಡಿಗೆ ಬಂದ ಅಪವಾದ ಇಲ್ಲಿ ನೀರಿಗೆ ಬಂದು, ಎಷ್ಟು ಸ್ನಾಯುಕ್ಷಯದ ಮಕ್ಕಳು ಹೆಸರೇ ಇಲ್ಲದ ಕಾಯಿಲೆಯಿಂದ ಹೋದರೋ!

ಎರಡನೆಯ ಭ್ರಾಂತಿ ಇನ್ನೂ ಸೂಕ್ಷ್ಮ. ರೋಗದ ಹೆಸರು ಗೊತ್ತಾದ ಮೇಲೆ, ಇದು ವಂಶವಾಹಿಯದಂತೆ, ನೀರಿನದಲ್ಲವಂತೆ ಎಂದು ನೀರನ್ನು ಪೂರ್ತಿಯಾಗಿ ಮರೆತುಬಿಡುವುದು. ನಾವು ಮಾಡಿದ್ದು ಇದನ್ನೇ. ಸ್ಟೀರಾಯ್ಡಿನಿಂದ ಬಡವಾದ ಎಲುಬಿಗೆ ಫ್ಲೋರೈಡು ಸೇರಿದರೆ ಎಲುಬು ಯಂತ್ರದ ಅಳತೆಗೆ ದಟ್ಟವಾಗಿ ತೋರಬಹುದು, ದಟ್ಟವಾದುದೆಲ್ಲ ಗಟ್ಟಿಯಲ್ಲ. ಇದನ್ನು ಊಹೆಯಿಂದ ಹೇಳುತ್ತಿಲ್ಲ. ಒಂದು ಕಾಲದಲ್ಲಿ ಪಾಶ್ಚಾತ್ಯ ವೈದ್ಯರು ಎಲುಬು ಸವೆದ ಮುದುಕಿಯರಿಗೆ ಫ್ಲೋರೈಡನ್ನೇ ಔಷಧವಾಗಿ ಕೊಟ್ಟು ನೋಡಿದರು. ಅಮೆರಿಕದ ಮೇಯೊ ಕ್ಲಿನಿಕ್ಕಿನವರು 1990ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ನಾಲ್ಕು ವರ್ಷಗಳಲ್ಲಿ ಬೆನ್ನೆಲುಬಿನ ಸಾಂದ್ರತೆ ನೂರಕ್ಕೆ 35ರಷ್ಟು ಏರಿತ್ತು. ಬೆನ್ನುಮಣಿಗಳ ಮುರಿತ ಮಾತ್ರ ಗಣನೀಯವಾಗಿ ತಗ್ಗಿರಲಿಲ್ಲ, ಮಿಕ್ಕ ಎಲುಬುಗಳ ಮುರಿತ ಹೆಚ್ಚಿತ್ತು. ಆದುದರಿಂದ ನಮ್ಮ ಜಿಲ್ಲೆಯ ಮಗುವಿಗೆ ಡೆಕ್ಸಾ ಎಂಬ ಸಾಂದ್ರತೆಯ ಪರೀಕ್ಷೆ ಮಾಡಿಸಿ, ಅಂಕಿ ಚೆನ್ನಾಗಿದೆಯೆಂದು ಹಿಗ್ಗುವ ಮೊದಲು, ಮನೆಯ ನೀರು ಎಲ್ಲಿಯದೆಂಬುದನ್ನು ವೈದ್ಯರಿಗೆ ಹೇಳಬೇಕು. ಬೆಂಗಳೂರಿನ ವೈದ್ಯರು ಕೇಳದಿದ್ದರೂ ಹೇಳಬೇಕು. ಕಾವೇರಿ ಕುಡಿಯುವವರಿಗೆ ಈ ಪ್ರಶ್ನೆ ತಟ್ಟನೆ ಹೊಳೆಯದಿರುವುದು ಸಹಜ.

ಇನ್ನು ಮನೆಯ ನೀರಿನ ವಿಚಾರ. ಊರಿನಲ್ಲಿ ಶುದ್ಧ ನೀರಿನ ಘಟಕವಿದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ, ನಾವು ಫಿಲ್ಟರ್ ನೀರನ್ನೇ ಕುಡಿಯುವುದು ಎಂದು ತಾಯಂದಿರು ನಿಮಗೆ ಹೇಳುತ್ತಾರೆ, ಅದು ಸುಳ್ಳಲ್ಲ. ಅಡಿಗೆಯ ನೀರು ಯಾವುದೆಂದು ಕೇಳಿ ನೋಡಿ. ಮುದ್ದೆಯ ಎಸರು ನಲ್ಲಿಯದು, ಅನ್ನದ ಎಸರು ನಲ್ಲಿಯದು, ಸಾರು ನಲ್ಲಿಯದು. ಹಿಟ್ಟೂ ಅಕ್ಕಿಯೂ ಹೀರಿದ ನೀರೆಲ್ಲ ಹೊಟ್ಟೆಗೇ ಹೋಗುತ್ತದೆಂಬುದು ನಮ್ಮ ಮನೆಯಲ್ಲಿ, ನಾಲ್ಕು ಜನ ಪದವೀಧರರಿದ್ದೂ, ಯಾರಿಗೂ ತೋಚಿರಲಿಲ್ಲ. ಕುದಿಸಿದರೆ ದೋಷ ಹೋಗುತ್ತದೆಂಬ ನಂಬಿಕೆಯನ್ನೂ ಬಿಡಿಸಬೇಕು: ಕುದಿಯುವಾಗ ನೀರು ಆವಿಯಾಗುತ್ತದೆ, ಫ್ಲೋರೈಡು ಪಾತ್ರೆಯಲ್ಲಿಯೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಹಾಲಿಲ್ಲದ ಕಡು ಚಹಾ ಈ ಮಕ್ಕಳಿಗೆ ಬೇಡ, ಚಹಾದ ಎಲೆಯಲ್ಲಿಯೇ ಫ್ಲೋರೈಡುಂಟು. ಸೂರಿನ ಮಳೆನೀರನ್ನು ಮೊದಲ ಮಳೆ ಬಿಟ್ಟು ತೊಟ್ಟಿಗೆ ಹಿಡಿದರೆ ಅದರಲ್ಲಿ ಈ ದೋಷವಿಲ್ಲ. ನಮ್ಮ ಅಜ್ಜಿಯರ ಕಾಲದ ಮಳೆಯ ಹಂಡೆಯನ್ನು ಅಟ್ಟದಿಂದ ಇಳಿಸಿದ್ದೇವೆ.

ಆಹಾರದ ವಿಷಯದಲ್ಲಿ ಮಾತ್ರ ದೈವ ನಮ್ಮ ಪಕ್ಷಕ್ಕಿದೆ. ಹತ್ತರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 850ರಿಂದ 1050 ಮಿಲಿಗ್ರಾಂ ಸುಣ್ಣದಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿ ಹೇಳುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಪಟ್ಟಣದ ವ್ಯಾಮೋಹಕ್ಕೆ ಮುದ್ದೆಯನ್ನು ಬಿಟ್ಟು ಅನ್ನಕ್ಕೆ ತಿರುಗಿದ ಮನೆಗಳಿಗೆ ಇದನ್ನು ಹೇಳುವಾಗ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ರಾಗಿಯ ಸುಣ್ಣವನ್ನು ಕರುಳು ಪೂರ್ತಿಯಾಗಿ ಹೀರಲಾರದೆಂಬುದು ನಿಜ. ಮೊಳಕೆ ಕಟ್ಟಿ ಹುರಿದ ಹುರಿಹಿಟ್ಟಿನಲ್ಲಿ ಆ ತಡೆ ಕಡಿಮೆ. ನುಗ್ಗೆಸೊಪ್ಪು ಹಿತ್ತಿಲಲ್ಲಿದೆ, ಹಸುವಿನ ಹಾಲು ಡೈರಿಗೆ ಹೋಗುವ ಮೊದಲು ಮನೆಯಲ್ಲಿಯೇ ಇದೆ. ಶಾಲೆಯಲ್ಲಿ 2013ರಿಂದ ಕ್ಷೀರಭಾಗ್ಯದ 150 ಮಿಲಿಲೀಟರು ಹಾಲುಂಟು, 2024ರಿಂದ ಕೆಲವು ದಿನ ಅದಕ್ಕೆ ರಾಗಿ ಮಾಲ್ಟೂ ಬೆರೆಯುತ್ತಿದೆ; ಗಾಲಿಕುರ್ಚಿಯ ಹುಡುಗ ಸಾಲಿನಲ್ಲಿ ನಿಲ್ಲಲಾರನೆಂದು ಅವನ ಲೋಟ ತಪ್ಪದಂತೆ ನೋಡಿಕೊಳ್ಳಿ. ಸ್ಟೀರಾಯ್ಡಿನ ಹಸಿವು ರಾಕ್ಷಸ ಹಸಿವು. ಅದನ್ನು ಬೇಕರಿಯ ತಿಂಡಿಯಿಂದ ತುಂಬಿದರೆ ತೂಕ ಏರಿ, ಬಡ ಬೆನ್ನಿನ ಮೇಲೆ ಹೊರೆ ಬೀಳುತ್ತದೆ, ಅತಿಯಾದ ಉಪ್ಪು ಸುಣ್ಣವನ್ನು ಮೂತ್ರಕ್ಕೆ ತಳ್ಳುತ್ತದೆ.

ಬಿಸಿಲಂತೂ ನಮ್ಮಲ್ಲಿ ಧರ್ಮಕ್ಕೆ ಸಿಗುತ್ತದೆ, ಸಿಗುವುದರಿಂದಲೇ ಅದಕ್ಕೆ ಬೆಲೆಯಿಲ್ಲ. ಡಿ ಜೀವಸತ್ತ್ವ ಹುಟ್ಟುವುದು ಎಳೆಬಿಸಿಲಿಗಿಂತ ಹೆಚ್ಚಾಗಿ ನಡುಹಗಲಿನ ಬಿಸಿಲಿನಲ್ಲಿ, ತೋಳು ಕಾಲು ತೆರೆದಿದ್ದಾಗ. ನಮ್ಮ ಮೈಬಣ್ಣಕ್ಕೆ ಅದು ಇನ್ನೂ ಸ್ವಲ್ಪ ಹೊತ್ತು ಬೇಕು. ಆದರೂ ಸ್ಟೀರಾಯ್ಡು ತೆಗೆದುಕೊಳ್ಳುವ ಮಗುವಿಗೆ ಬಿಸಿಲೊಂದೇ ಸಾಲದೆ ಔಷಧರೂಪದಲ್ಲಿಯೂ ಕೊಡಬೇಕಾಗುವುದು ಸಾಮಾನ್ಯ. ಎಷ್ಟೆಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರು ಹೇಳಬೇಕು. ಯಾರೋ ಹೇಳಿದರೆಂದು ಲಕ್ಷಗಟ್ಟಲೆ ಯೂನಿಟ್ಟಿನ ಸೂಜಿಯನ್ನು ಮತ್ತೆ ಮತ್ತೆ ಚುಚ್ಚಿಸುವುದು ಮೂತ್ರಪಿಂಡಕ್ಕೆ ಅಪಾಯ.

ಉಪಾಧ್ಯಾಯರಿಗೆ ಒಂದು ಮಾತು. ಇನ್ನೂ ನಡೆಯುವ ಹುಡುಗನನ್ನು ಬೀಳುತ್ತಾನೆಂಬ ಭಯಕ್ಕೆ ಕಟ್ಟಿಹಾಕಬೇಡಿ. ನಿಲ್ಲುವುದೂ ನಡೆಯುವುದೂ ಎಲುಬಿಗೆ ಅನ್ನವಿದ್ದಂತೆ. ಅವನ ತರಗತಿಯನ್ನು ನೆಲಮಟ್ಟದ ಕೋಣೆಗೆ ತನ್ನಿ, ಶೌಚಾಲಯದ ಹಾದಿಯ ಪಾಚಿ ಉಜ್ಜಿಸಿ, ಗಂಟೆ ಹೊಡೆದ ಕೂಡಲೆ ಬಾಗಿಲಿಗೆ ನುಗ್ಗುವ ಗುಂಪಿಗಿಂತ ಐದು ನಿಮಿಷ ಮೊದಲೇ ಅವನನ್ನು ಬಿಡಿ. ಗಾಲಿಕುರ್ಚಿಗೆ ಬಂದವನಿಗೆ ಸೊಂಟಪಟ್ಟಿ ಕಡ್ಡಾಯ. ಉಬ್ಬಿನ ಮೇಲೆ ಕುರ್ಚಿ ಮುಗ್ಗರಿಸಿ ಮುಂದಕ್ಕೆ ಬಿದ್ದು ತೊಡೆಯ ಎಲುಬು ಮುರಿದುಕೊಳ್ಳುವುದು ಈ ಮಕ್ಕಳಲ್ಲಿ ಅಪರೂಪವಲ್ಲ. ಎತ್ತುವಾಗ ಕಂಕುಳಿಗೆ ಕೈಹಾಕಿ ಜಗ್ಗಬೇಡಿ.

ಬಿದ್ದನೆಂದೇ ಇಟ್ಟುಕೊಳ್ಳಿ. ಇಲ್ಲಿ ನಿಧಾನವಾಗಿ ಓದಿರಿ, ಏಕೆಂದರೆ ಈ ಪತ್ರದಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ಭಾಗ ಇದೇ. ಬಿದ್ದ ಕೆಲವು ಗಂಟೆಗಳಲ್ಲಾಗಲಿ ಎರಡು ಮೂರು ದಿನಗಳಲ್ಲಾಗಲಿ ಮಗುವಿಗೆ ಏದುಸಿರು ಬಂದರೆ, ಮಾತು ತೊದಲಿದರೆ, ಗಲಿಬಿಲಿಗೊಂಡಂತೆ ಮಂಪರು ಕವಿದರೆ, ಎಲುಬಿನ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶವನ್ನೂ ಮಿದುಳನ್ನೂ ತಲಪಿರುವ ಸಂಭವವುಂಟು. ಎಲುಬು ಮುರಿದಂತೆ ಕಾಣದಿದ್ದರೂ ಹೀಗಾಗಬಹುದು. ಆಗ ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮುರಿದ ಎಲುಬಿಗೆ ಹಾಕುವ ಪುತ್ತೂರು ಕಟ್ಟಿನ ಕೀರ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ, ನನ್ನ ಮುಂಗೈ ಒಮ್ಮೆ ಅದರಿಂದಲೇ ಕೂಡಿತು; ಆದರೆ ಈ ಎಲುಬು ಬೇರೆ, ಈ ಮಗು ಬೇರೆ. ನಡೆಯುವ ಹುಡುಗನ ಕಾಲನ್ನು ತಿಂಗಳುಗಟ್ಟಲೆ ಕಟ್ಟಿ ಮಲಗಿಸಿದರೆ ಎಲುಬು ಕೂಡುವಷ್ಟರಲ್ಲಿ ನಡಿಗೆಯೇ ಶಾಶ್ವತವಾಗಿ ಹೋಗಿರುತ್ತದೆ. ಆದ್ದರಿಂದ ಮೂಳೆವೈದ್ಯರು ಸಾಧ್ಯವಿದ್ದಲ್ಲಿ ಒಳಗೆ ಸಲಾಕೆ ಕೂಡಿಸಿ ಬೇಗನೆ ನಿಲ್ಲಿಸುತ್ತಾರೆ. ಶಸ್ತ್ರಚಿಕಿತ್ಸೆಯ ಮೊದಲು ಅರಿವಳಿಕೆಯ ವೈದ್ಯರಿಗೆ ರೋಗದ ಹೆಸರನ್ನು ಹೇಳದೆ ಇರಕೂಡದು: ಸಕ್ಸಿನೈಲ್‌ಕೋಲೀನ್ ಎಂಬ ಮದ್ದು ಈ ಮಕ್ಕಳ ಹೃದಯವನ್ನೇ ನಿಲ್ಲಿಸಬಲ್ಲದು, ಮೂಗಿನಿಂದ ಕೊಡುವ ಅರಿವಳಿಕೆಯ ಅನಿಲಗಳೂ ಇವರಿಗೆ ಒಗ್ಗವು. ಮಾತ್ರೆಯಿಂದಲೇ ಎಲುಬು ಮುರಿಯಿತೆಂಬ ಕೋಪಕ್ಕೆ ಸ್ಟೀರಾಯ್ಡನ್ನು ಒಮ್ಮೆಗೇ ನಿಲ್ಲಿಸುವುದಂತೂ ಎಲ್ಲಕ್ಕಿಂತ ಭಯಂಕರ; ಮೂತ್ರಪಿಂಡದ ಮೇಲಿನ ಗ್ರಂಥಿಗಳು ವರ್ಷಗಳಿಂದ ನಿದ್ರಿಸುತ್ತಿರುವುದರಿಂದ, ವಾಂತಿ, ನಿಶ್ಶಕ್ತಿ, ರಕ್ತದೊತ್ತಡದ ಕುಸಿತದಿಂದ ಮಗು ಒಂದೆರಡು ದಿನಗಳಲ್ಲಿಯೇ ಕೈತಪ್ಪಿಹೋಗಬಹುದು. ಒಂದು ಚೀಟಿಯಲ್ಲಿ ಇಷ್ಟನ್ನು ಬರೆದು ಹುಡುಗನ ಪುಸ್ತಕದ ಚೀಲದಲ್ಲಿ ಇಟ್ಟಿದ್ದೇವೆ.

ಕುಸಿದ ಬೆನ್ನಿಗೂ ಚಿಕಿತ್ಸೆಯುಂಟು. ಬಿಸ್ಫಾಸ್ಫೊನೇಟ್ ಎಂಬ ಕುಲದ ಔಷಧವನ್ನು, ನಮ್ಮ ಹುಡುಗನಿಗಾದರೆ ಜೊಲೆಡ್ರಾನಿಕ್ ಆಮ್ಲವನ್ನು, ರಕ್ತನಾಳದ ಮೂಲಕ ತಿಂಗಳುಗಳ ಅಂತರದಲ್ಲಿ ಕೊಡುತ್ತಾರೆ. ಅದು ಎಲುಬನ್ನು ಕೆಡವುವ ಕಣಗಳ ಕೈ ಹಿಡಿಯುತ್ತದೆ. ಕೊಡುವ ಮೊದಲು ಡಿ ಜೀವಸತ್ತ್ವವೂ ಸುಣ್ಣದಂಶವೂ ಸರಿಯಾಗಿರಬೇಕು, ಹಲ್ಲು ಪರೀಕ್ಷಿಸಬೇಕು. ಮೊದಲನೆಯ ಸಲ ಜ್ವರವೂ ಮೈನೋವೂ ಬರುವುದುಂಟು, ಹೆದರಬೇಕಾಗಿಲ್ಲ. ಬೇಗನೆ ಹಿಡಿದರೆ ಬೆಳೆಯುವ ಮಕ್ಕಳಲ್ಲಿ ಚಪ್ಪಟೆಯಾದ ಮಣಿ ಸ್ವಲ್ಪಮಟ್ಟಿಗೆ ಮರಳಿ ಆಕಾರ ಪಡೆಯುವುದೂ ಉಂಟಂತೆ. ಬೇಗನೆ ಹಿಡಿದರೆ, ಎಂದೆ. ನಾವು ಮೂರು ತಿಂಗಳು ಮುಲಾಮು ತಿಕ್ಕಿದೆವು.

ಸರ್ಕಾರದ ದಾರಿಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸ್ನಾಯುಕ್ಷಯವು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೆಸರಿಸಿದ ಅಂಗವೈಕಲ್ಯ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೂ ಅಂಗನವಾಡಿಗೂ ಬರುತ್ತದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಂತೆ ಗೊತ್ತುಪಡಿಸಿದ ಕೇಂದ್ರವಾಗಿ ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಇವೆ. ತಂಡ ಬಂದ ದಿನ ನೆಲದಿಂದ ಏಳಲಾರದ ಹುಡುಗನನ್ನು ಹಿಂದಿನ ಬೆಂಚಿನಲ್ಲಿ ಕೂಡಿಸದೆ ಮುಂದೆ ತನ್ನಿ. ನೆಲದ ಮೇಲೆ ಕೂತು ಏಳಪ್ಪ ಎಂದು ಅವರೆದುರಿಗೆ ಒಂದೇ ಸಲ, ಮೆಲ್ಲನೆ, ಹೇಳಿ.

ನಮ್ಮ ಹುಡುಗನಿಗೆ ಈಗ ಹದಿನಾಲ್ಕು. ಬಾಗಿಲುವಾಡಿನ ಮೇಲೆ ಅವನ ಎತ್ತರವನ್ನು ಪ್ರತಿ ಯುಗಾದಿಗೂ ಗುರುತು ಹಾಕುತ್ತಿದ್ದೆವು. ಎರಡು ಗೆರೆಗಳು ಒಂದರ ಮೇಲೊಂದು ಕೂತಿರುವುದನ್ನು ಮೊನ್ನೆ ಅವನೇ ತೋರಿಸಿ, ಇದು ಬೆನ್ನು ಮುರಿದ ವರ್ಷ ಅಲ್ಲವಾ ತಾತ, ಅಂದ. ಈಗ ನಿಲ್ಲಲಾರನಾದ್ದರಿಂದ ತೋಳುಗಳನ್ನು ಚಾಚಿಸಿ ಅಳೆಯುತ್ತೇವೆ. ಬಿಡುವಿನ ದಿನ ಹನ್ನೊಂದು ಗಂಟೆಯ ಮೇಲೆ ಅವನು ಜಗಲಿಯ ಬಿಸಿಲಿನಲ್ಲಿ ಸೊಂಟಪಟ್ಟಿ ಬಿಗಿದುಕೊಂಡು, ಜಲಜೀವನ್ ಮಿಷನ್ನಿನವರು ಊರಿನ ಹೆಂಗಸರಿಗೆ ಕಲಿಸಿಕೊಟ್ಟ ನೀರುಪರೀಕ್ಷೆಯ ಪೆಟ್ಟಿಗೆಯನ್ನು ಅವರಲ್ಲೊಬ್ಬಳ ಜೊತೆಗೆ ತೆರೆದು ಕುಳಿತಿರುತ್ತಾನೆ. ಹನಿ ಹಾಕಿದಾಗ ನೀರು ಯಾವ ಬಣ್ಣಕ್ಕೆ ತಿರುಗುತ್ತದೆಂದು ನೋಡಿ, ಯಾವ ಊರಿನ ಯಾವ ಬೋರೆಂದು ನೋಟುಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಒಂಬತ್ತು ಊರು ಆಗಿವೆ. ನೀವು ಈ ಕಡೆ ಬರುವಾಗ ಶಾಲೆಯ ಅಡಿಗೆಮನೆಯ ನಲ್ಲಿಯಿಂದ ಒಂದು ಸೀಸೆ ನೀರು ತನ್ನಿ. ಸೀಸೆಯನ್ನು ಅದೇ ನೀರಿನಿಂದ ಎರಡು ಸಲ ತೊಳೆದಿರಬೇಕೆಂದು ಅವನು ಹೇಳಿಕಳುಹಿಸಿದ್ದಾನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಉಪಾಧ್ಯಾಯ